ದೇವಳಾಲಿಯ ತಾಪ



ಲೋಕದ ನಡೆಗೆ ತುಸು ಹೊರತಾಗಿ ನಡೆಯುವವನನ್ನು ಕರೆಯಲು ಯಾವ ಭಾಷೆಗೂ ಶಬ್ದಗಳ ಬಡತನವಿಲ್ಲ. ನಮ್ಮ ಕನ್ನಡವನ್ನೇ ನೋಡಿರಿ. ಹುಚ್ಚು, ಮರುಳು, ತಿಕ್ಕಲು, ಐಲು, ಅರೆಹುಚ್ಚು ಎಂದು ಎಣಿಸುವಷ್ಟರಲ್ಲಿ ಒಂದು ಕೈಯ ಬೆರಳು ಮುಗಿದುಹೋಗುತ್ತವೆ. ಇವು ಸಾಲವೆಂಬಂತೆ ಈಚಿನ ತಲೆಮಾರಿನವರು ಇಂಗ್ಲಿಷಿನಿಂದ ಲೂಸು, ಕ್ರ್ಯಾಕು, ಮೆಂಟಲು ಎಂಬವನ್ನೂ ಎರವಲು ತಂದಿದ್ದಾರೆ. ಹೊಗಳಲು ಹೊರಟಾಗ ತಡವರಿಸುವ ನಾಲಗೆ ಹಂಗಿಸಲು ಹೊರಟಾಗ ಸರಾಗವಾಗಿ ಹೊರಳುತ್ತದೆ. ಈ ಮಾತುಗಳು ಎಲ್ಲಿ ಹುಟ್ಟಿದವು, ಯಾರನ್ನು ಕುರಿತು ಹುಟ್ಟಿದವು ಎಂಬ ವಿಚಾರವನ್ನು ನಾವು ಮಾಡುವುದಿಲ್ಲ. ಮಾಡಿದರೆ, ಆಡುವ ಮುನ್ನ ಒಂದು ಗಳಿಗೆಯಾದರೂ ತಡೆಯುತ್ತೇವೆಂಬುದು ನನ್ನ ನಂಬಿಕೆ. ಆ ನಂಬಿಕೆಯಿಂದಲೇ ಇಂದು ಒಂದು ಶಬ್ದದ ವೃತ್ತಾಂತವನ್ನು ತಮ್ಮ ಮುಂದಿಡುತ್ತಿದ್ದೇನೆ. ಶಬ್ದವು ಇಂಗ್ಲಿಷಿನದು, ಆದರೆ ಅದರ ತಾಯಿಬೇರು ನಮ್ಮ ನೆಲದಲ್ಲಿದೆ.

ಇಂಗ್ಲಿಷ್ ಆಡುಮಾತಿನಲ್ಲಿ ‘ಡೂಲ್ಯಾಲಿ’ ಎಂಬುದೊಂದು ಪದವುಂಟು. ಯಾರಾದರೂ ವಿಚಿತ್ರವಾಗಿ ನಡೆದುಕೊಂಡರೆ, ಮಾತಿಗೆ ಮಾತು ಹೊಂದದಿದ್ದರೆ, ಮರೆವು ಮಿತಿಮೀರಿದರೆ, ಅವನು ‘ಡೂಲ್ಯಾಲಿ’ ಆಗಿದ್ದಾನೆಂದು ಬ್ರಿಟನ್ನಿನ ಜನ ಇಂದಿಗೂ ನಗುತ್ತ ಹೇಳುತ್ತಾರೆ. ಹೀಗೆ ಹೇಳುವವರಲ್ಲಿ ಬಹುಮಂದಿಗೆ ಅದೊಂದು ಊರಿನ ಹೆಸರೆಂಬುದೇ ತಿಳಿಯದು. ಆ ಊರು ಮಹಾರಾಷ್ಟ್ರದ ನಾಸಿಕದ ಮಗ್ಗುಲಲ್ಲಿರುವ ದೇವಳಾಲಿ. ಮುಂಬಯಿಯಿಂದ ಹೊರಟ ರೈಲು ಕಸಾರೆಯ ಘಟ್ಟವನ್ನೇರಿ, ಇಗತ್‌ಪುರಿಯನ್ನು ದಾಟಿ, ನಾಸಿಕವನ್ನು ಸೇರುವ ಮೊದಲು ಅಲ್ಲಿ ನಿಲ್ಲುತ್ತದೆ. ದೇವಳಾಲಿ ಎಂಬ ಹೆಸರು ಆಂಗ್ಲ ಸೈನಿಕನ ಬಾಯಲ್ಲಿ ಹೊರಳಿ, ಹೊರಳಿ, ಡೂಲ್ಯಾಲಿ ಆಯಿತು.

ಮೂಲದಲ್ಲಿ ಈ ಪದಕ್ಕೆ ಇನ್ನೂ ಒಂದು ತುಂಡು ಇದ್ದಿತು. ಹಳೆಯ ಸೈನಿಕರು ಆಡುತ್ತಿದ್ದುದು ‘ಡೂಲ್ಯಾಲಿ ಟ್ಯಾಪ್’ ಎಂದು. ಈ ‘ಟ್ಯಾಪ್’ ಎಂಬುದು ನಲ್ಲಿಯೂ ಅಲ್ಲ, ತಲೆಯ ಮೇಲೆ ತಟ್ಟಿದ ಪೆಟ್ಟೂ ಅಲ್ಲ. ಅದು ನಮ್ಮ ‘ತಾಪ’. ಮರಾಠಿಯಲ್ಲಿಯೂ ಹಿಂದೀ-ಉರ್ದುಗಳಲ್ಲಿಯೂ ಈ ಶಬ್ದಕ್ಕೆ ಜ್ವರವೆಂದು ಅರ್ಥ. ಕನ್ನಡಿಗರಾದ ನಮಗಂತೂ ಇದು ಮನೆಯ ಮಾತು. ಮೈ ಕಾದರೆ ತಾಪ, ಮನಸ್ಸು ಮುರಿದರೆ ಮನಸ್ತಾಪ, ತಪ್ಪಿಗೆ ಮರುಗಿದರೆ ಪಶ್ಚಾತ್ತಾಪ, ಸಂಸಾರದ ಗೋಳಿಗೆ ತಾಪತ್ರಯ. ಆದುದರಿಂದ ‘ಡೂಲ್ಯಾಲಿ ಟ್ಯಾಪ್’ ಎಂದರೆ ದೇವಳಾಲಿಯ ತಾಪ, ದೇವಳಾಲಿಯ ಜ್ವರ. ಎರಡು ತುಂಡುಗಳಲ್ಲಿ ಒಂದಾದರೂ ಇಂಗ್ಲಿಷಿನದಲ್ಲ.

ಆಂಗ್ಲ ಸೈನಿಕರು ನಮ್ಮ ಮಾತುಗಳನ್ನು ಹೀಗೆ ಹೊತ್ತೊಯ್ದುದು ಇದೊಂದೇ ಅಲ್ಲ. ವಿಲಾಯತಿ ಎಂಬ ನಮ್ಮವರ ಮಾತು ಅವರ ಬಾಯಲ್ಲಿ ‘ಬ್ಲೈಟಿ’ ಆಗಿ, ತಾಯ್ನಾಡೆಂಬ ಅರ್ಥವನ್ನು ಪಡೆಯಿತು. ‘ದೇಖೋ’ ಎಂಬುದು ‘ಡೆಕ್ಕೊ’ ಆಗಿ, ಒಂದು ಸಲ ಕಣ್ಣು ಹಾಯಿಸುವುದೆಂಬ ಅರ್ಥದಲ್ಲಿ ನಿಂತಿತು. ಇವುಗಳಲ್ಲಿ ಬ್ಲೈಟಿಯನ್ನೂ ಡೂಲ್ಯಾಲಿಯನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಒಂದು, ಸೈನಿಕನು ಸೇರಬೇಕೆಂದು ಹಂಬಲಿಸುತ್ತಿದ್ದ ನಾಡು. ಇನ್ನೊಂದು, ಆ ಹಂಬಲದಿಂದ ಅವನು ಬೇಯುತ್ತಿದ್ದ ತಾಣ.

ಆ ಬೇಗೆಯ ಕಾರಣವೇನು? 1857ರ ದಂಗೆಯ ತರುವಾಯ ಬ್ರಿಟಿಷ್ ಸರಕಾರವು ಭಾರತದಲ್ಲಿ ಗೋರಾ ಸೈನಿಕರ ಸಂಖ್ಯೆಯನ್ನು ಹೆಚ್ಚಿಸಿತು. ಅಂತಹ ಅರವತ್ತು-ಎಪ್ಪತ್ತು ಸಾವಿರ ಸೈನಿಕರು ಸದಾಕಾಲ ಇಲ್ಲಿ ಇರುತ್ತಿದ್ದರು. 1870ರಲ್ಲಿ ಹೊಸ ಕಾನೂನು ಬಂದು, ಸೈನಿಕನು ಕೆಲವು ವರ್ಷ ಮಾತ್ರ ಪಡೆಯಲ್ಲಿದ್ದು, ಮಿಕ್ಕ ಅವಧಿಯನ್ನು ತಾಯ್ನಾಡಿನಲ್ಲಿ ಮೀಸಲು ಪಡೆಯವನಾಗಿ ಕಳೆಯುವ ಏರ್ಪಾಡಾಯಿತು. ಇದರಿಂದಾಗಿ ಕರಾರು ಮುಗಿದು ಮರಳುವವರ ಸಾಲು ವರ್ಷವರ್ಷವೂ ಬೆಳೆಯಿತು. ಅಷ್ಟು ಹೊತ್ತಿಗೆ 1869ರಲ್ಲಿ ಸುಯೆಜ್ ಕಾಲುವೆ ತೆರೆದಿದ್ದರಿಂದ ದಾರಿಯೇನೋ ಹತ್ತಿರವಾಗಿತ್ತು. ಆದರೆ ಪಡೆಗಳನ್ನು ಸಾಗಿಸುವ ಹಡಗುಗಳು ವರ್ಷವಿಡೀ ಓಡುತ್ತಿರಲಿಲ್ಲ. ಮುಂಗಾರಿನಲ್ಲಿ ಅರಬ್ಬೀ ಸಮುದ್ರ ಉಕ್ಕುತ್ತದೆ, ಬೇಸಿಗೆಯಲ್ಲಿ ಕೆಂಪು ಸಮುದ್ರ ಕುಲುಮೆಯಾಗುತ್ತದೆ. ಆದ್ದರಿಂದ ಮಳೆಗಾಲ ಕಳೆದ ಮೇಲೆ ಆರಂಭವಾದ ಹಡಗುಗಳ ಓಡಾಟ ಬೇಸಿಗೆ ಬಲಿಯುವುದರೊಳಗೆ ನಿಲ್ಲುತ್ತಿತ್ತು.

ಕರಾರಿನ ಕೊನೆಯ ದಿನವಾದರೋ ಹಡಗಿನ ಹಂಗಾಮನ್ನು ನೋಡಿ ಬರುವುದಿಲ್ಲವಷ್ಟೆ! ಕೊನೆಯ ಹಡಗು ಹೋದ ಮೇಲೆ ಅವಧಿ ಮುಗಿದವನು ಮುಂದಿನ ಹಂಗಾಮಿನ ಮೊದಲ ಹಡಗಿನವರೆಗೆ ತಿಂಗಳುಗಟ್ಟಲೆ ಕಾಯಬೇಕು. ಹಾಗೆ ಕಾಯುವವರು ತಂಗುತ್ತಿದ್ದ ದೊಡ್ಡ ಶಿಬಿರವೇ ದೇವಳಾಲಿ.

ಆ ಶಿಬಿರದ ಬಾಳನ್ನು ಅಲ್ಲಿಯ ಸಾಮಾನ್ಯ ಸೈನಿಕನೊಬ್ಬನೇ ಬರೆದಿಟ್ಟಿದ್ದಾನೆ. ಅವನ ಹೆಸರು ಫ್ರ್ಯಾಂಕ್ ರಿಚರ್ಡ್ಸ್. 20ನೆಯ ಶತಮಾನದ ಮೊದಲ ದಶಕದಲ್ಲಿ ಭಾರತದಲ್ಲಿ ಚಾಕರಿ ಮಾಡಿದ ಆತ, 1936ರಲ್ಲಿ ‘ಓಲ್ಡ್ ಸೋಲ್ಜರ್ ಸಾಹಿಬ್’ ಎಂಬ ತನ್ನ ನೆನಪಿನ ಪುಸ್ತಕವನ್ನು ಪ್ರಕಟಿಸಿದ. ಆತನು ಕೊಡುವ ವಿವರ ಇಷ್ಟು. ದೇವಳಾಲಿಗೆ ಬಂದವನ ಬಳಿ ಶಸ್ತ್ರವಿರುತ್ತಿರಲಿಲ್ಲ. ಅಪರೂಪಕ್ಕೊಮ್ಮೆ ಸಾಮಾನು ತೋರಿಸುವುದು, ಅಪರೂಪಕ್ಕೊಮ್ಮೆ ಕವಾಯತಿನ ನಡಿಗೆ, ಇವಿಷ್ಟೇ ಕೆಲಸ. ಮಿಕ್ಕ ಹೊತ್ತು ಬರಿದು. ಪಡೆಯಲ್ಲಿ ಇದ್ದಷ್ಟು ಕಾಲವೂ ಒಂದು ಮಾತು ಕೇಳದೆ ನಡೆದುಕೊಂಡವರು ಕೂಡ ಇಲ್ಲಿಗೆ ಬಂದು ದಾರಿತಪ್ಪಿದರು. ಕೆಲವರು ಸೆರೆಮನೆ ಕಂಡರು, ಕೆಲವರು ರೋಗ ಹತ್ತಿ ಆಸ್ಪತ್ರೆ ಸೇರಿದರು. ಆ ಬೇಸರದ ಶಿಬಿರದಲ್ಲಿ ಮನುಷ್ಯರು ವಿಚಿತ್ರವಾಗಿ ನಡೆದುಕೊಂಡುದರಿಂದಲೇ ಈ ಮಾತು ಹುಟ್ಟಿರಬೇಕೆಂದು ಆತನ ಊಹೆ.

ಈ ಊಹೆಯನ್ನು ವಾಚಕರು ಎರಡು ಸಲ ಓದಬೇಕೆಂದು ನನ್ನ ಕೋರಿಕೆ. ಆ ಜನ ಹುಟ್ಟಾ ತಿಕ್ಕಲರಲ್ಲ. ಗುಂಡಿನ ಮಳೆಗೆ ಅಂಜದವರು, ವಿಷಮಜ್ವರದ ಊರುಗಳಲ್ಲಿ ವರ್ಷಗಟ್ಟಲೆ ಬದುಕಿದವರು. ಅವರನ್ನು ಕೆಡಿಸಿದ್ದು ಕಾಯುವಿಕೆ, ಕೆಲಸವಿಲ್ಲದ ಕಾಯುವಿಕೆ. ಕಾಯಕವಿಲ್ಲದ ಕೈಯೂ ನಿಶ್ಚಯವಿಲ್ಲದ ನಾಳೆಯೂ ಒಟ್ಟುಗೂಡಿದರೆ ಎಂತಹ ಗಟ್ಟಿ ಮನಸ್ಸಾದರೂ ಸಡಿಲವಾಗುತ್ತದೆ. ತಪ್ಪು ಇದ್ದುದು ಏರ್ಪಾಡಿನಲ್ಲಿ. ಹೆಸರು ಹತ್ತಿದ್ದು ಮಾತ್ರ ಮನುಷ್ಯನಿಗೆ, ಊರಿಗೆ.

ದೇವಳಾಲಿಯಲ್ಲಿ ಸೈನಿಕರ ದೊಡ್ಡ ಹುಚ್ಚಾಸ್ಪತ್ರೆಯೊಂದಿತ್ತು, ಆದ್ದರಿಂದಲೇ ಈ ಮಾತು ಬಂದಿತೆಂದು ಹೇಳುವವರೂ ಉಂಟು. ರಿಚರ್ಡ್ಸ್ ಬರೆದಿರುವುದು ಆಸ್ಪತ್ರೆಯ ಮಾತನ್ನಲ್ಲ, ಶಿಬಿರದ ಮಾತನ್ನು. ಸೈನಿಕರ ಮನೋರೋಗಕ್ಕೆಂದು ಹೆಸರಾಗಿದ್ದ ಆಸ್ಪತ್ರೆ ಇಂಗ್ಲೆಂಡಿನ ನೆಟ್ಲಿ ಎಂಬಲ್ಲಿದ್ದಿತು; ಅಲ್ಲಿಯ ಡಿ ಬ್ಲಾಕ್ 1870ರಲ್ಲಿ ತೆರೆಯಿತು. ದೇವಳಾಲಿಯದು ಹಡಗಿಗಾಗಿ ಕಾಯುವವರ ತಂಗುದಾಣ. ಹುಚ್ಚಾಸ್ಪತ್ರೆಯಿತ್ತೆಂದು ನಂಬಿಬಿಟ್ಟರೆ ಮನಸ್ಸಿಗೆ ಸಮಾಧಾನ. ಹುಚ್ಚರಿದ್ದರು, ಆದ್ದರಿಂದ ಹೆಸರು ಬಂತು. ಸ್ವಸ್ಥರನ್ನು ಸುಮ್ಮನೆ ಕೂರಿಸಿ ಅಸ್ವಸ್ಥರನ್ನಾಗಿ ಮಾಡಲಾಯಿತೆಂಬುದು ಅಷ್ಟು ಸುಲಭವಾಗಿ ನುಂಗುವ ತುತ್ತಲ್ಲ.

ಕಾಲಕ್ರಮದಲ್ಲಿ ಈ ಪದವು ಸೈನ್ಯದ ಗೇಟು ದಾಟಿ ಬ್ರಿಟನ್ನಿನ ಮನೆಮನೆಗೂ ಹೊಕ್ಕಿತು. 1974ರಿಂದ 1981ರವರೆಗೆ ಅಲ್ಲಿಯ ದೂರದರ್ಶನದಲ್ಲಿ ದೇವಳಾಲಿಯ ಶಿಬಿರದಲ್ಲಿ ಆರಂಭವಾಗುವ ಕಥೆಯ ನಗೆನಾಟಕವೊಂದು ಪ್ರಸಾರವಾಯಿತು. ಹೀಗೆ ಹರಡುತ್ತ ಹೋದಂತೆ ಪದದ ಎರಡನೆಯ ತುಂಡು ಉದುರಿಹೋಯಿತು. ‘ತಾಪ’ ಹೋಯಿತು, ‘ಡೂಲ್ಯಾಲಿ’ ಉಳಿಯಿತು. ಇದು ಕಾಯಿಲೆ, ಇದು ಬೇಗೆ, ಇದರಲ್ಲಿ ಬೆಂದವನೊಬ್ಬನಿದ್ದಾನೆಂದು ಹೇಳುತ್ತಿದ್ದುದು ಆ ಒಂದು ತುಂಡು ಮಾತ್ರ. ಅದು ಉದುರಿದ ಮೇಲೆ ಉಳಿದದ್ದು ಬರಿಯ ನಗೆ.

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ. ನನ್ನ ಸೋದರಮಾವಂದಿರು ಭೂಸೇನೆಯ ತೋಪಖಾನೆಯಲ್ಲಿದ್ದರು. ಮೊದಲು ಕಾಕುಲಿನಲ್ಲಿದ್ದ ತೋಪಖಾನೆಯ ಶಾಲೆ ಮುಂದೆ ದೇವಳಾಲಿಗೆ ಬಂದಿತು. ಮಾವಂದಿರು ಅಲ್ಲಿ ತರಬೇತಿ ಪಡೆದವರು. ಅವರ ಬಾಯಲ್ಲಿ ದೇವಳಾಲಿಯೆಂದರೆ ಒಂದು ಪುಣ್ಯಭೂಮಿ. ಅಲ್ಲಿಯ ತಂಪು ಗಾಳಿ, ಅಲ್ಲಿಯ ದ್ರಾಕ್ಷಿ, ಹವಾ ಬದಲಾವಣೆಗೆಂದು ಮುಂಬಯಿಯ ಪಾರಸಿಗಳೂ ಗುಜರಾತಿಗಳೂ ಅಲ್ಲಿ ಕಟ್ಟಿಸಿದ ಆರೋಗ್ಯಧಾಮಗಳು, ಇವನ್ನು ಎಷ್ಟು ಸಲ ಹೇಳಿದರೂ ಅವರಿಗೆ ತೃಪ್ತಿಯಿರಲಿಲ್ಲ. ಒಂದೇ ಊರು ಒಂದು ನುಡಿಯಲ್ಲಿ ಆರೋಗ್ಯದ ಹೆಸರು, ಇನ್ನೊಂದು ನುಡಿಯಲ್ಲಿ ಹುಚ್ಚಿನ ಹೆಸರು! ಊರಿಗೆ ಇದರಲ್ಲಿ ಪಾಲೇನೂ ಇಲ್ಲ.

ಆ ಮಾವಂದಿರ ಕಿರಿಯ ಮಗ ಪದವಿಯನ್ನು ಮುಗಿಸಿ, ನೌಕರಿಗೆ ಅರ್ಜಿ ಹಾಕುತ್ತ, ಬಾರದ ಆದೇಶಕ್ಕಾಗಿ ಅಂಚೆಯವನ ದಾರಿ ಕಾಯುತ್ತ ನಾಲ್ಕು ವರ್ಷ ಕಳೆದ. ಮೊದಲು ನಿದ್ರೆ ಹೋಯಿತು. ಆಮೇಲೆ ಊಟದ ಪಂಕ್ತಿಯಿಂದ ಎದ್ದುಹೋಗತೊಡಗಿದ. ಗೋಡೆಯ ಆಚೆ ಯಾರೋ ತನ್ನನ್ನು ಕುರಿತು ಮಾತನಾಡುತ್ತಿದ್ದಾರೆಂದು ರಾತ್ರಿಯೆಲ್ಲ ಕಿವಿಗೊಟ್ಟು ಕೂರುತ್ತಿದ್ದ. ಊರು ಒಂದು ಹೆಸರು ಹುಡುಕಿತು. “ಧಾರವಾಡದ ಗಿರಾಕಿ” ಎಂದಿತು.

ಉತ್ತರ ಕರ್ನಾಟಕದ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷರ ಕಾಲದಿಂದಲೂ ಧಾರವಾಡದಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಿದೆ. ವಿದ್ಯೆಗೆ, ಸಂಗೀತಕ್ಕೆ, ಪೇಢೆಗೆ ಹೆಸರಾದ ಆ ಊರನ್ನು, ಸಿಟ್ಟು ಬಂದಾಗ ನಾವು ಇದೊಂದೇ ಅರ್ಥದಲ್ಲಿ ನೆನೆಯುತ್ತೇವೆ. ಬೆಂಗಳೂರಿನ ಕಡೆಯವರು ನಿಮ್ಹಾನ್ಸಿನ ಹೆಸರೆತ್ತುತ್ತಾರೆ. ತಮಿಳರಿಗೆ ಕೀಲ್ಪಾಕ್ಕಂ, ಹಿಂದೀ ನಾಡಿನವರಿಗೆ ಆಗ್ರಾ ಮತ್ತು ರಾಂಚಿ. 1247ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಬೆಥ್ಲೆಹೆಮ್ ಎಂಬ ಧರ್ಮಸಂಸ್ಥೆ ಮುಂದೆ ಹುಚ್ಚರ ಆಸ್ಪತ್ರೆಯಾಗಿ, ‘ಬೆಡ್ಲಂ’ ಎಂದು ಸವೆದು, ಗದ್ದಲ-ಗೊಂದಲವೆಂಬ ಅರ್ಥಕ್ಕೆ ಇಳಿಯಿತು. ಲೋಕದ ರೀತಿ ಎಲ್ಲೆಡೆಯೂ ಒಂದೇ. ಗುಣಪಡಿಸುವ ತಾಣದ ಹೆಸರನ್ನೇ ಬೈಗುಳವನ್ನಾಗಿ ಮಾಡುವುದು.

ಇದರಿಂದ ಆಗುವ ಕೇಡು ಬರಿಯ ಮಾತಿನ ಕೇಡಲ್ಲ. ಬೈಗುಳವಾದ ಊರಿಗೆ ಹೋಗಲು ಯಾರು ಒಪ್ಪುತ್ತಾರೆ? ಮಾವಂದಿರ ಮನೆಯಲ್ಲಿ ಅದೇ ಆಯಿತು. ಅತ್ತೆಯವರು ಹರಕೆ ಹೊತ್ತರು, ತಾಯತ ಕಟ್ಟಿಸಿದರು. ಧಾರವಾಡವೆಂಬ ಹೆಸರೆತ್ತಿದರೆ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಒಮ್ಮೆ ಧಾರವಾಡಕ್ಕೆ ಹೋಗಿ ಬಂದರೆ ಈ ಮನೆಯೊಡನೆ ಬೀಗತನ ಬೆಳೆಸುವವರಾರು ಎಂಬುದು ಹಿರಿಯರೆಲ್ಲರ ಪ್ರಶ್ನೆ. ಹೀಗೆ ಮೂರು ವರ್ಷ ಕಳೆಯಿತು. ಹುಡುಗನು ಸೊರಗಿ ಕಡ್ಡಿಯಾದ.

ಆ ದಿನಗಳಲ್ಲಿ ಒಂದು ಸಂಜೆ, ಮಾತಿಗೆ ಮಾತು ಬಂದು, ಡೂಲ್ಯಾಲಿಯ ವೃತ್ತಾಂತವನ್ನು ಮಾವಂದಿರಿಗೆ ಹೇಳಿದೆ. ಅವರಿಗೆ ಇದು ಹೊಸದು. ಕಣ್ಣಲ್ಲಿ ನೀರು ಬರುವಂತೆ ನಕ್ಕರು.

“ಅಲ್ಲೋ ಅಳಿಯಾ, ಹಂಗಾದ್ರ ನಾನೂ ಹುಚ್ಚರ ಊರಾಗ ಇದ್ದು ಬಂದಂವನ ಅಂತಾತಲ್ಲ!”

“ಇಂಗ್ಲಿಷರ ಲೆಕ್ಕಕ್ಕ ಹಂಗs ಆತ್ರಿ, ಮಾವಾರ,” ಎಂದೆ.

ಅವರ ನಗೆ ನಿಂತಿತು. ಬಹಳ ಹೊತ್ತು ಅಂಗಳದ ಕಡೆ ನೋಡುತ್ತ ಕುಳಿತರು. ಆಮೇಲೆ ಅತ್ತೆಯವರಿಗೆ ಕೇಳಿಸುವಂತೆ ಹೇಳಿದರು. “ದೇವಳಾಲಿಗೆ ಹೋಗಿ ಬಂದು ನನಗೇನೂ ಆಗಲಿಲ್ಲ. ಧಾರವಾಡಕ್ಕ ಹೋದ್ರ ನನ್ನ ಮಗಗ ಏನಾಗತೈತಿ? ನಾಳೆ ಮೊದಲನೇ ಬಸ್ಸಿಗೆ ಹೋಗೂಣು. ನೀನೂ ಬಾ.”

ಹೋದೆವು. ಅಲ್ಲಿಯ ವೈದ್ಯರು ಹುಡುಗನನ್ನು ಹೆಸರು ಹಿಡಿದು ಕರೆದು, ಎದುರಿಗೆ ಕೂಡಿಸಿಕೊಂಡು, ಅವನು ಹೇಳಿದುದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಹೇಗೆ ನಿತ್ಯ ಔಷಧ ಬೇಕೋ ಇದಕ್ಕೂ ಹಾಗೆಯೇ ಎಂದರು. ಕಾರಣವು ಕಾಯುವಿಕೆಯೊಂದೇ ಅಲ್ಲ, ಮೈಯೊಳಗಿನ ಕಾರಣಗಳೂ ಇರುತ್ತವೆ. ಆದರೆ ಮೂರು ವರ್ಷ ಮುಂಚೆ ಬಂದಿದ್ದರೆ ಒಳ್ಳೆಯದಿತ್ತು ಎಂದೂ ಹೇಳಿದರು. ಮಾವಂದಿರು ತಲೆತಗ್ಗಿಸಿ ಕೇಳಿದರು. ತಿಂಗಳಿಗೊಮ್ಮೆ ಧಾರವಾಡ, ದಿನಕ್ಕೆರಡು ಮಾತ್ರೆ, ಬೆಳಗಿನಿಂದ ಸಂಜೆಯವರೆಗೆ ಹೊಲದ ಕೆಲಸ, ಹೀಗೆ ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ಚೇತರಿಸಿಕೊಂಡ. ಅಕ್ಕನ ಮದುವೆಯೂ ಆಯಿತು. ಮಾವಂದಿರು ಈಗಿಲ್ಲ. ಮಗನು ಹೊಲಮನೆ ನೋಡಿಕೊಂಡು, ಹೆಂಡತಿ-ಮಕ್ಕಳೊಡನೆ ಇದ್ದಾನೆ. ಇಂದಿಗೂ ಮಿತಭಾಷಿ. ಆ ಮೂರು ವರ್ಷಗಳನ್ನು ಮಾತ್ರ ಯಾರೂ ಅವನಿಗೆ ಹಿಂದಿರುಗಿಸಲಾರರು.

ಇಂತಹ ಶಬ್ದಗಳಲ್ಲಿ ಇನ್ನೂ ಒಂದು ದೋಷವಿದೆ. ಅವು ಇಬ್ಬರು ಬೇರೆಬೇರೆ ಮನುಷ್ಯರನ್ನು ಒಂದೇ ಹಗ್ಗದಲ್ಲಿ ಕಟ್ಟುತ್ತವೆ. ಒಬ್ಬನು ತನ್ನದೇ ದಾರಿಯಲ್ಲಿ ನಡೆಯುವವನು; ಬೆಳದಿಂಗಳಲ್ಲಿ ಒಬ್ಬನೇ ತಿರುಗುವವನು, ಹಳೆಯ ನಾಣ್ಯ ಕೂಡಿಹಾಕುವವನು, ದಾರಿಯುದ್ದಕ್ಕೂ ಬೇವಿನ ಬೀಜ ನೆಡುತ್ತ ಹೋಗುವವನು. ಇವನಿಗೆ ಯಾವ ಔಷಧವೂ ಬೇಕಿಲ್ಲ. ನಮ್ಮ ತಾಳ್ಮೆ ಬೇಕು. ಇನ್ನೊಬ್ಬನು ನಿಜವಾಗಿ ಬೇಯುತ್ತಿರುವವನು. ಇವನಿಗೆ ಔಷಧವೂ ಬೇಕು, ಆಸರೆಯೂ ಬೇಕು. ಇಬ್ಬರನ್ನೂ ತಿಕ್ಕಲರೆಂದು ಕರೆದು ನಕ್ಕುಬಿಟ್ಟರೆ ಮೊದಲನೆಯವನಿಗೆ ತಾಳ್ಮೆ ದೊರೆಯದು, ಎರಡನೆಯವನಿಗೆ ಔಷಧ ದೊರೆಯದು.

ನಮ್ಮ ಹಿರಿಯರು ಈ ಭೇದವನ್ನು ಬಲ್ಲವರಾಗಿದ್ದರು. ಮರುಳ ಎಂಬುದೂ ಹುಚ್ಚನೆಂಬ ಅರ್ಥದ ಶಬ್ದವೇ. ಆದರೂ ಮರುಳಸಿದ್ಧ ಎಂದು ಮಕ್ಕಳಿಗೆ ಹೆಸರಿಡುತ್ತ ಬಂದಿದ್ದೇವೆ. ಮರುಳಶಂಕರದೇವರ ಕಥೆ ತಮಗೆಲ್ಲ ತಿಳಿದದ್ದೇ. ಕಲ್ಯಾಣದ ಮಹಾಮನೆಯಲ್ಲಿ ವರ್ಷಗಟ್ಟಲೆ ಇದ್ದರೂ ಅವರನ್ನು ಜನ ಮರುಳನೆಂದು ಬಗೆದರು, ಯಾರೂ ಗುರುತಿಸಲಿಲ್ಲ. ಗುರುತಿಸಿದವರು ಅಲ್ಲಮಪ್ರಭುದೇವರು. ಮಹಾಮನೆಯಲ್ಲಿಯೇ ಹಾಗಾದರೆ ನಮ್ಮ ಓಣಿಗಳ ಪಾಡೇನು!

ಸರಕಾರದ ಕಾನೂನು ಕೂಡ ಶಬ್ದವನ್ನು ತಿದ್ದಿಕೊಳ್ಳುತ್ತ ಬಂದಿದೆ. 1912ರ ಕಾನೂನಿನ ಹೆಸರಿನಲ್ಲಿಯೇ ‘ಲೂನಸಿ’ ಎಂಬ, ಚಂದ್ರನ ಪ್ರಭಾವದಿಂದ ಹುಚ್ಚು ಹಿಡಿಯುವುದೆಂಬ ಹಳೆಯ ನಂಬಿಕೆಯ ಶಬ್ದವಿದ್ದಿತು. 1987ರ ಕಾನೂನಿನಲ್ಲಿ ಅದು ಹೋಗಿ ಮಾನಸಿಕ ಆರೋಗ್ಯವೆಂಬ ಮಾತು ಬಂದಿತು. 2017ರ ಕಾನೂನು ಇನ್ನೂ ಮುಂದೆ ಹೋಗಿ, ಮೈಯ ಕಾಯಿಲೆಯವನಿಗೂ ಮನಸ್ಸಿನ ಕಾಯಿಲೆಯವನಿಗೂ ಚಿಕಿತ್ಸೆಯಲ್ಲಿ ಭೇದವೆಣಿಸಕೂಡದೆಂದು ವಿಧಿಸಿತು. ಆದರೆ ಕಾನೂನು ಕಾಗದದ ಶಬ್ದವನ್ನು ತಿದ್ದಬಲ್ಲುದೇ ಹೊರತು ಕಟ್ಟೆಯ ಮೇಲಿನ ಶಬ್ದವನ್ನು ತಿದ್ದಲಾರದು. ಅದು ನಮ್ಮ ನಿಮ್ಮ ಕೆಲಸ.

ವಾಚಕರೇ, ನಮ್ಮ ಮಾತಿನಿಂದ ಈ ಶಬ್ದಗಳೆಲ್ಲ ಅಳಿದುಹೋಗಬೇಕೆಂದು ನಾನು ಹೇಳುತ್ತಿಲ್ಲ. ಗೆಳೆಯರು ಗೆಳೆಯರನ್ನು ತಿಕ್ಕಲನೆಂದು ಪ್ರೀತಿಯಿಂದ ಕರೆಯುವುದರಲ್ಲಿ ಕೇಡಿಲ್ಲ. ಪ್ರಸಾದನಿಲಯಗಳಲ್ಲಿ ಓದಿದವರು ನಾಲ್ಕು ದಶಕಗಳ ಬಳಿಕ ಕೂಡಿದಾಗಲೂ ಅಡ್ಡಹೆಸರುಗಳಿಂದಲೇ ಕೂಗಿಕೊಳ್ಳುತ್ತಾರೆ. ಅದರ ಸವಿಯೇ ಬೇರೆ. ನನ್ನ ಬಿನ್ನಹ ಇಷ್ಟೇ. ತಮ್ಮ ಓಣಿಯಲ್ಲಿ, ತಮ್ಮ ಬಂಧುಬಳಗದಲ್ಲಿ ಯಾರಿಗಾದರೂ ಇಂತಹ ಹೆಸರು ಹತ್ತಿದ್ದರೆ, ಆ ಹೆಸರಿನಿಂದ ಉದುರಿಹೋದ ‘ತಾಪ’ ಎಂಬ ತುಂಡನ್ನು ಒಮ್ಮೆ ಮನಸ್ಸಿನಲ್ಲಿ ಮತ್ತೆ ಸೇರಿಸಿ ನೋಡಿರಿ. ಅವನು ಎಷ್ಟು ದಿನದಿಂದ ಕಾಯುತ್ತಿದ್ದಾನೆ, ಯಾವುದಕ್ಕಾಗಿ ಕಾಯುತ್ತಿದ್ದಾನೆ, ಅವನ ಕೈಗೆ ಕೆಲಸವಿದೆಯೇ, ರಾತ್ರಿ ನಿದ್ರೆಯಿದೆಯೇ ಎಂದು ಕೇಳಿರಿ. ನಿದ್ರೆ ಬಾರದೆಂದು ಅವನು ಹೇಳಿದರೆ ಮರುದಿನ ಬೆಳಗಿನ ಬಸ್ಸಿಗೆ ಅವನ ಜೊತೆಯಲ್ಲಿ ಹೊರಡಿರಿ. ಆ ಊರಿನ ಹೆಸರಿಗೆ ಅಂಜಬೇಡಿರಿ.